ಡಬ್ಬದ ಲೆಕ್ಕದ ಪುಸ್ತಕದಲ್ಲಿ ಹೊಟ್ಟೆ ಬಿಗಿತದ ಲೆಕ್ಕ: ಒಂದು ಪ್ರಕರಣ

ಆಕೆಗೆ 23 ವರ್ಷ, ಚೊಚ್ಚಲ ಬಸಿರು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು. ತವರು ಮಲೆನಾಡಿನ ಒಂದು ಹಳ್ಳಿ. ನಾನು ಶುಶ್ರೂಷಕಿಯಾಗಿರುವ ತಾಲ್ಲೂಕು ಆಸ್ಪತ್ರೆಗೂ ಆ ಮನೆಗೂ 27 ಕಿಲೋಮೀಟರ್ ದೂರ. ಅದರಲ್ಲಿ ಕೊನೆಯ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಜೀಪಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಹಿಡಿಯುತ್ತದೆ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಗುಡ್ಡ ಹತ್ತಬೇಕು, ಇಲ್ಲವೆ ತೋಟದ ಧಣಿಗಳ ಮನೆಗೆ ಹೋಗಿ ಅವರ ವೈಫೈನಲ್ಲಿ ಕರೆ ಮಾಡಬೇಕು.

ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನ ಜನವರಿ 4 ಎಂದಿತ್ತು. ಹಿಮೋಗ್ಲೋಬಿನ್ 10.4, ಅಂದರೆ ಸ್ವಲ್ಪ ರಕ್ತಹೀನತೆ. ರಕ್ತದೊತ್ತಡ ಸರಿಯಾಗಿತ್ತು, ಸಕ್ಕರೆಯ ತೊಂದರೆ ಇರಲಿಲ್ಲ. ಕಾಗದದ ಮೇಲೆ ನೋಡಿದರೆ ಯಾವ ತೊಡಕೂ ಇಲ್ಲದ ಬಸಿರು. ಆದರೂ ಈ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿ, ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ. ಕಾರಣ, ಇದರ ನಡುವೆ ನಾನು ಆಡಿದ ಒಂದು ಮಾತು ಆಕೆಯನ್ನೂ ಮಗುವನ್ನೂ ಅಪಾಯಕ್ಕೆ ತಳ್ಳಬಹುದಾಗಿತ್ತು. ಅಂಥ ಮಾತು ನಮ್ಮ ವಾರ್ಡುಗಳಲ್ಲಿ ದಿನವೂ ಕೇಳಿಬರುತ್ತದೆ.

ಮೊದಲ ಭೇಟಿ

ನವೆಂಬರ್ 20ರ ರಾತ್ರಿ ಹತ್ತು ಗಂಟೆಗೆ ತಾಯಿಯೂ ಮಗಳೂ ಬಂದರು. ಆಗ 33 ವಾರ 4 ದಿನ. "ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಸಡಿಲವಾಗುತ್ತದೆ, ಸಂಜೆಯಿಂದ ಹೀಗೇ ಆಗುತ್ತಿದೆ" ಎಂದಳು. ನೋವೇನು ವಿಪರೀತವಲ್ಲ, ಆದರೆ ಉಸಿರು ಹಿಡಿದಂತಾಗುತ್ತದೆ, ಮಾತು ನಿಂತುಹೋಗುತ್ತದೆ, ಭಯವಾಗುತ್ತದೆ ಎಂದಳು.

ನವೆಂಬರ್ ಎಂದರೆ ಅಲ್ಲಿ ಅಡಿಕೆ ಸುಲಿಯುವ ಕಾಲ. ತಾಯಿ ಧಣಿಗಳ ಮನೆಗೆ ಸುಲಿಯಲು ಹೋಗುತ್ತಾರೆ. ಮೆಟ್ಟುಗತ್ತಿಯ ಮುಂದೆ ಸಂಜೆ ಕುಳಿತರೆ ಏಳುವುದು ನಡುರಾತ್ರಿಗೆ. ಕೂಲಿ ಡಬ್ಬದ ಲೆಕ್ಕದಲ್ಲಿ, ಎಷ್ಟು ಡಬ್ಬ ಸುಲಿದರೆ ಅಷ್ಟು ಹಣ. ಮಗಳು ಮನೆಯಲ್ಲಿ ಒಬ್ಬಳೇ ಕುಳಿತು ಬೇಸರವಾಗಿ ತಾಯಿಯ ಜೊತೆಗೆ ಹೋಗಿದ್ದಳು. ಹೋದವಳು ಸುಮ್ಮನೆ ಕೂರಲಿಲ್ಲ, ತಾನೂ ಒಂದು ಕತ್ತಿ ಹಿಡಿದಳು. ಕತ್ತಿಯ ಮಣೆಯ ಮೇಲೆ ಕಾಲು ಮಡಿಚಿ ನಾಲ್ಕು ಗಂಟೆ ಕುಳಿತಿದ್ದಳು. ಹತ್ತಾರು ಜನರ ನಡುವಿನಿಂದ ಎದ್ದು ಹಿತ್ತಿಲಿಗೆ ಹೋಗಲು ಸಂಕೋಚವೆಂದು ಮೂತ್ರ ಕಟ್ಟಿಕೊಂಡಿದ್ದಳು. ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೂ ಕುಡಿದಿರಲಿಲ್ಲ. ಎರಡು ಲೋಟ ಚಹಾ ಕುಡಿದಿದ್ದಳು, ಅಷ್ಟೇ.

ಇವೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ರಾತ್ರಿ ನಾನು ಇದನ್ನು ಕೇಳಲೇ ಇಲ್ಲ.

ವೈದ್ಯಕೀಯವಾಗಿ ಮಾಡಬೇಕಾದದ್ದನ್ನು ಮಾಡಿದೆವು. 37 ವಾರ ತುಂಬದವಳು ಹೊಟ್ಟೆ ಬಿಗಿಯುತ್ತದೆ ಎಂದು ಬಂದರೆ ಮೊದಲು ನೋಡಬೇಕಾದದ್ದು ದಿನ ತುಂಬದ ಹೆರಿಗೆಯ ಲಕ್ಷಣವಿದೆಯೇ ಎಂದು. ಕರ್ತವ್ಯದಲ್ಲಿದ್ದ ವೈದ್ಯೆ ಪರೀಕ್ಷಿಸಿದರು. ಗರ್ಭಕೋಶದ ಬಾಯಿ ಉದ್ದವಾಗಿತ್ತು, ಮುಚ್ಚಿತ್ತು, ಅಂದರೆ ಹೆರಿಗೆ ಶುರುವಾಗಿರಲಿಲ್ಲ. ಮಗುವಿನ ಸುತ್ತಲಿನ ನೀರು ಹೋಗಿರಲಿಲ್ಲ, ರಕ್ತಸ್ರಾವ ಇರಲಿಲ್ಲ. ಮಗುವಿನ ಎದೆಬಡಿತ ನಿಮಿಷಕ್ಕೆ 144. ಮೂತ್ರದ ಸೋಂಕು ಕೂಡ ಹೊಟ್ಟೆಯನ್ನು ಬಿಗಿಯಿಸುತ್ತದೆಯಾದ್ದರಿಂದ ಮೂತ್ರ ಪರೀಕ್ಷೆ ಮಾಡಿಸಿದೆವು. ಸೋಂಕು ಇರಲಿಲ್ಲ, ಆದರೆ ಮೂತ್ರ ಕಡು ಹಳದಿಯಾಗಿತ್ತು. ಓಆರ್‌ಎಸ್ ಕುಡಿಸಿ, ಎಡಮಗ್ಗುಲಿಗೆ ಮಲಗಿಸಿ ನಾಲ್ಕು ಗಂಟೆ ಇರಿಸಿಕೊಂಡೆವು. ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ಹತ್ತು ನಿಮಿಷ ಎಣಿಸಿದೆ. ಮೊದಲ ಗಂಟೆಯಲ್ಲಿ ಐದು ಸಲ ಬಿಗಿಯಿತು, ಎರಡನೆಯ ಗಂಟೆಯಲ್ಲಿ ಎರಡು ಸಲ, ಆಮೇಲೆ ಇಲ್ಲ.

34 ವಾರದೊಳಗೆ ಹೆರಿಗೆಯಾಗಿಬಿಡುವ ಲಕ್ಷಣ ಕಂಡಿದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಿದ್ದೆವು: 6 ಮಿಲಿಗ್ರಾಂನಂತೆ, 12 ಗಂಟೆಗೊಮ್ಮೆ, ನಾಲ್ಕು ಸಲ. ಈ ಮದ್ದು ಕೆಲಸ ಮಾಡಲು ಸಮಯ ಬೇಕು. ತಾಯಿ ಬೇಗ ಬಂದಷ್ಟೂ ಮಗುವಿಗೆ ಒಳ್ಳೆಯದು. ಹಾಗಾಗಿ 33 ವಾರದಲ್ಲಿ ಹೊಟ್ಟೆ ಹಿಡಿದುಕೊಂಡು ಬಂದವಳು ಅತ್ಯಂತ ಸರಿಯಾದ ಕೆಲಸವನ್ನೇ ಮಾಡಿದ್ದಳು. ಆ ಮಾತನ್ನು ಆಕೆಗೆ ಹೇಳಬೇಕಿತ್ತು. "ಏನೂ ಇಲ್ಲ, ಮನೆಗೆ ಹೋಗಿ" ಎಂದಷ್ಟೇ ಹೇಳಿ ಕಳಿಸಿದೆವು. ಏಕೆ ಬಿಗಿಯಿತು, ಏಕೆ ನಿಂತಿತು ಎಂದು ಆಕೆಗೆ ತಿಳಿಯಲಿಲ್ಲ.

ಎರಡನೆಯ ಭೇಟಿ

ಡಿಸೆಂಬರ್ 3, ರಾತ್ರಿ ಎರಡು ಗಂಟೆ. 35 ವಾರ 3 ದಿನ. ಆ ರಾತ್ರಿ ವಾರ್ಡಿನಲ್ಲಿ ಎರಡು ಹೆರಿಗೆ ಮುಗಿದಿತ್ತು, ಮೂರನೆಯವಳು ಮೇಜಿನ ಮೇಲಿದ್ದಳು. ತಾಯಿ, ಮಗಳು, ಜೊತೆಗೆ ಎಂಬತ್ತರ ಆಸುಪಾಸಿನ ಅಜ್ಜಿ, ಮೂವರೂ ಬಂದರು. ಅಜ್ಜಿಯ ಕೈಯಲ್ಲಿ ಸ್ಟೀಲಿನ ಫ್ಲಾಸ್ಕು. ಪರೀಕ್ಷೆಯಲ್ಲಿ ಎಲ್ಲವೂ ಹಿಂದಿನಂತೆಯೇ ಇತ್ತು. ಗರ್ಭಕೋಶದ ಬಾಯಿ ಮುಚ್ಚಿತ್ತು, ಮಗು ಚೆನ್ನಾಗಿತ್ತು, ಒಂದು ಗಂಟೆಯಲ್ಲಿ ಬಿಗಿತ ತಾನಾಗಿ ಇಳಿಯಿತು.

ನಾನು ಹೇಳಿದೆ: "ಇದು ಸುಳ್ಳು ನೋವು. ಇಷ್ಟಕ್ಕೆಲ್ಲ ಹೆದರಿ ನಡುರಾತ್ರಿ ಓಡಿಬಂದರೆ ಹೇಗೆ?"

ತಾಯಿ ತಲೆ ತಗ್ಗಿಸಿದರು. ಜೀಪಿಗೆ ಕೊಟ್ಟ ಹಣ ಎಷ್ಟು ಡಬ್ಬದ ಕೂಲಿ ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೆಂದು ಈಗ ಅನ್ನಿಸುತ್ತದೆ. ಮಗಳು ನನ್ನ ಕಡೆ ನೋಡಿ, "ತಪ್ಪಾಯಿತು ಸಿಸ್ಟರ್" ಎಂದಳು. ಹೊಟ್ಟೆಯಲ್ಲಿ ಮಗು ಹೊತ್ತವಳು, ಆ ಹೊಟ್ಟೆ ಬಿಗಿದದ್ದಕ್ಕೆ ನನ್ನಲ್ಲಿ ಕ್ಷಮೆ ಕೇಳಿದಳು. ಕೆಲಸದ ಗಡಿಬಿಡಿಯಲ್ಲಿ ಅದು ನನ್ನ ಮನಸ್ಸಿಗೆ ತಟ್ಟಲಿಲ್ಲ. ವಹಿಯಲ್ಲಿ 'ಸುಳ್ಳು ನೋವು, ಮನೆಗೆ ಕಳುಹಿಸಲಾಗಿದೆ' ಎಂದು ಬರೆದು ಮುಂದಿನವಳ ಕಡೆ ತಿರುಗಿದೆ.

ಆ ಮಾತಿನಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, 35 ವಾರದಲ್ಲಿ ಬಂದವಳಿಗೆ ಬರಬಾರದಿತ್ತು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಎರಡನೆಯದು ಆ ಹೆಸರು. ಸುಳ್ಳು ಎಂಬ ಪದ ಕಿವಿಗೆ ಬಿದ್ದ ಹೆಂಗಸಿಗೆ ತಾನು ಸುಳ್ಳು ಹೇಳಿದಂತೆ ಅನ್ನಿಸುತ್ತದೆ. ಬಿಗಿತವಂತೂ ಸುಳ್ಳಲ್ಲ. ಗರ್ಭಕೋಶ ಸ್ನಾಯುವಿನಿಂದಾದ ಚೀಲ, ಬಸಿರಿನ ಉದ್ದಕ್ಕೂ ಅದು ಆಗಾಗ ಕುಗ್ಗಿ ಹಿಗ್ಗುತ್ತಲೇ ಇರುತ್ತದೆ. ಚಿಕ್ಕದಿರುವಾಗ ನಮಗೆ ತಿಳಿಯುವುದಿಲ್ಲ. ಐದಾರು ತಿಂಗಳಾದ ಮೇಲೆ ಕೆಲವರಿಗೆ, ಎಂಟು ಒಂಬತ್ತರಲ್ಲಿ ಹೆಚ್ಚಿನವರಿಗೆ ಅರಿವಿಗೆ ಬರುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್ 1872ರಲ್ಲಿ ಇದನ್ನು ವಿವರಿಸಿ ಬರೆದರು, ಅವರ ಹೆಸರೇ ಇದಕ್ಕೆ ನಿಂತಿತು. ನಮ್ಮ ಪಾಠಗಳಲ್ಲಿ ಈಗಲೂ 'ಬ್ರ್ಯಾಕ್ಸ್‌ಟನ್ ಹಿಕ್ಸ್' ಎಂದೇ ಕಲಿಸುತ್ತಾರೆ. ನಾನು ಈಗ ಹೆಂಗಸರಿಗೆ ಹೇಳುವಾಗ 'ಅಭ್ಯಾಸದ ಬಿಗಿತ' ಎನ್ನುತ್ತೇನೆ. ಹೆರಿಗೆಯ ದಿನ ಮಾಡಬೇಕಾದ ಕೆಲಸವನ್ನು ಗರ್ಭಕೋಶ ಸ್ವಲ್ಪ ಸ್ವಲ್ಪವಾಗಿ ಮಾಡಿ ನೋಡುತ್ತಿದೆ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ನಾಚಿಕೆಪಡುವ ಮಾತೂ ಇಲ್ಲ.

ಡಿಸೆಂಬರ್ 9

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನವೆಂದು 2016ರಿಂದ ನಡೆದುಬಂದದ್ದು. ಅಂದು ಆಕೆ ಆಶಾ ಕಾರ್ಯಕರ್ತೆಯ ಜೊತೆ ಬಂದಿದ್ದಳು. 36 ವಾರ 2 ದಿನ. ಹೊಟ್ಟೆ ಮುಟ್ಟಿ ನೋಡುತ್ತಿದ್ದಾಗಲೇ ನನ್ನ ಕೈಕೆಳಗೆ ಒಂದು ಬಿಗಿತ ಬಂತು. "ಈಗ ಗಟ್ಟಿಯಾಗುತ್ತಿದೆಯಲ್ಲ, ದಿನಕ್ಕೆ ಎಷ್ಟು ಸಲ ಬರುತ್ತದೆ?" ಎಂದು ಕೇಳಿದೆ.

"ಬರುತ್ತದೆ ಸಿಸ್ಟರ್. ಆದರೆ ನಾನು ಈಗ ಯಾರಿಗೂ ಹೇಳುವುದಿಲ್ಲ" ಎಂದಳು.

ದೂರು ಹೇಳುವ ದನಿಯಲ್ಲ. ಒಳ್ಳೆಯ ಹುಡುಗಿ ಎನ್ನಿಸಿಕೊಳ್ಳಬೇಕು ಎಂಬ ದನಿ. ತಾನು ಈಗ ಯಾರಿಗೂ ತೊಂದರೆ ಕೊಡುತ್ತಿಲ್ಲ ಎಂದು ನನಗೆ ಒಪ್ಪಿಸುತ್ತಿದ್ದಳು. ನನ್ನ ಬೆನ್ನಿನಲ್ಲಿ ಚಳಿ ಹುಟ್ಟಿತು. 27 ಕಿಲೋಮೀಟರ್ ದೂರದಲ್ಲಿ, ಸಿಗ್ನಲ್ ಇಲ್ಲದ ಮನೆಯಲ್ಲಿ, ಹೊಟ್ಟೆ ಗಟ್ಟಿಯಾದರೂ ಬಾಯಿ ಬಿಡದ ಚೊಚ್ಚಲ ಬಸುರಿ. ಅವಳ ಬಾಯಿ ಮುಚ್ಚಿಸಿದವಳು ನಾನು.

ಅಂದು ಸಾಲಿನಲ್ಲಿ ಇನ್ನೂ ನಲವತ್ತು ಮಂದಿ ಇದ್ದರು. ತಪಾಸಣೆ ಮುಗಿಯುವವರೆಗೆ ಕೂರಲು ಹೇಳಿ, ಊಟದ ಹೊತ್ತಿನಲ್ಲಿ ಆಕೆಯನ್ನು ಒಳಗೆ ಕರೆದೆ. ಮೊದಲು ಹೇಳಿದ್ದು ಇಷ್ಟು: "ಆವತ್ತು ನಾನು ಆಡಿದ ಮಾತು ತಪ್ಪು. ನೀನು ಎರಡು ಸಲ ಬಂದದ್ದೂ ಸರಿ. ಇನ್ನು ಹತ್ತು ಸಲ ಬಂದರೂ ಸರಿ." ಆಕೆ ಏನೂ ಹೇಳಲಿಲ್ಲ. ಆದರೆ ಆಮೇಲೆ ಮಾತು ಬಂತು. ಅಡಿಕೆ ಸುಲಿಯುವುದು, ಮೂತ್ರ ಕಟ್ಟಿಕೊಳ್ಳುವುದು, ಚಹಾ, ಎರಡನೆಯ ಸಲ ಬಂದ ದಿನ ಗಂಡ ಶಿವಮೊಗ್ಗದಿಂದ ಬಂದುಹೋಗಿದ್ದು, ಎಲ್ಲವೂ. ಗಂಡಹೆಂಡತಿ ಕೂಡಿದ ಮೇಲೂ ಹೊಟ್ಟೆ ಬಿಗಿಯುವುದುಂಟು, ಅದರಲ್ಲಿ ಕೆಡುಕಿಲ್ಲ ಎಂದಾಗ ಆಕೆ ದೊಡ್ಡದೊಂದು ಉಸಿರು ಬಿಟ್ಟಳು. ಆ ಎರಡನೆಯ ರಾತ್ರಿಯ ಭಯದ ಹಿಂದೆ ಆ ಅಪರಾಧಿ ಭಾವವೂ ಇತ್ತು. ಅದನ್ನು ತಾಯಿಯ ಮುಂದೆ, ಅಜ್ಜಿಯ ಮುಂದೆ ಯಾರು ಕೇಳುತ್ತಾರೆ, ಯಾರು ಹೇಳುತ್ತಾರೆ? ಗರ್ಭಿಣಿಯೊಡನೆ ಒಬ್ಬಳೇ ಇರುವಾಗ ಮಾತನಾಡುವುದಕ್ಕೆ ಹತ್ತು ನಿಮಿಷ ಮೀಸಲಿಡುವುದು ಎಷ್ಟು ಮುಖ್ಯವೆಂದು ನನಗೆ ಅಂದು ತಿಳಿಯಿತು.

ಆಮೇಲೆ ಆಕೆಯ ಕೈಯನ್ನು ಆಕೆಯ ಹೊಟ್ಟೆಯ ಮೇಲೆಯೇ ಇಡಿಸಿದೆ, ಹೊಕ್ಕುಳಿಗಿಂತ ಮೇಲೆ, ಗರ್ಭಕೋಶದ ತುದಿ ಇರುವಲ್ಲಿ. ನಮಗೆ ತರಬೇತಿಯಲ್ಲಿ ಕಲಿಸಿದ ಒಂದು ಸುಲಭದ ಅಳತೆ ಇದೆ. ಬಿಗಿತ ಬಂದಾಗ ಬೆರಳಿನಿಂದ ಒತ್ತಿದರೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಅದು ಸಣ್ಣದು. ಗದ್ದದಷ್ಟು ಗಟ್ಟಿಯಿದ್ದರೆ ಮಧ್ಯಮ. ಹಣೆಯ ಹಾಗೆ ಒತ್ತಿದರೂ ತಗ್ಗದಿದ್ದರೆ ಬಲವಾದದ್ದು. ಆಕೆ ಮೂಗು, ಗದ್ದ, ಹಣೆ ಮೂರನ್ನೂ ಮುಟ್ಟಿ ನೋಡಿಕೊಂಡಳು, ಮತ್ತೆ ಹೊಟ್ಟೆ ಮುಟ್ಟಿದಳು. "ಮೂಗಿಗಿಂತ ಗಟ್ಟಿ, ಗದ್ದಕ್ಕಿಂತ ಮೆತ್ತಗೆ" ಎಂದಳು. ತನ್ನ ಹೊಟ್ಟೆಯನ್ನು ಆಕೆ ಮೊದಲ ಸಲ ಭಯವಿಲ್ಲದೆ ಮುಟ್ಟಿದ್ದು ಆಗಲೇ ಎಂದು ನನ್ನ ನಂಬಿಕೆ.

ಗಡಿಯಾರ ನೋಡುವುದನ್ನು ಹೇಳಿಕೊಟ್ಟೆ. ಒಂದು ಬಿಗಿತ ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿನವರೆಗೆ ಅಂತರ. ಮುಗಿದಲ್ಲಿಂದ ಎಣಿಸಬಾರದು, ಬಹಳ ಮಂದಿ ಅಲ್ಲಿಯೇ ತಪ್ಪುತ್ತಾರೆ. ಶುರುವಿನಿಂದ ಸಡಿಲವಾಗುವವರೆಗೆ ಅದರ ಅವಧಿ. ಅಭ್ಯಾಸದ ಬಿಗಿತಕ್ಕೆ ಲಯವಿರುವುದಿಲ್ಲ: ಹತ್ತು ನಿಮಿಷಕ್ಕೆ ಬರುತ್ತದೆ, ಮತ್ತೆ ಅರ್ಧ ಗಂಟೆ ಬರುವುದಿಲ್ಲ, ಮತ್ತೆ ಐದು ನಿಮಿಷಕ್ಕೆ ಬರುತ್ತದೆ. ಸಾಮಾನ್ಯವಾಗಿ ಹೊಟ್ಟೆಯ ಮುಂಭಾಗದಲ್ಲಿ ಹಿಡಿಯುತ್ತದೆ. ಕುಳಿತಿದ್ದವಳು ಎದ್ದು ನಡೆದರೆ, ನಡೆಯುತ್ತಿದ್ದವಳು ಮಲಗಿದರೆ, ನೀರು ಕುಡಿದರೆ, ಮೂತ್ರಕ್ಕೆ ಹೋಗಿಬಂದರೆ ಇಳಿಯುತ್ತದೆ. ಹೆರಿಗೆ ನೋವಿಗೆ ಲಯವಿರುತ್ತದೆ. ಹೆಚ್ಚಾಗಿ ಸೊಂಟದಿಂದ ಹೊರಟು ಮುಂದಕ್ಕೆ ಬಳಸಿಕೊಂಡು ಬರುತ್ತದೆ. ನೀರು ಕುಡಿದರೂ ಮಲಗಿದರೂ ನಡೆದರೂ ನಿಲ್ಲುವುದಿಲ್ಲ, ಅಂತರ ಕಿರಿದಾಗುತ್ತದೆ, ಅವಧಿ ಹಿರಿದಾಗುತ್ತದೆ, ನೋವು ಬಂದಿರುವಾಗ ಮಾತನಾಡಲು ಆಗುವುದಿಲ್ಲ.

ಬಿಗಿತ ಬಂದರೆ ಏನು ಮಾಡಬೇಕು ಎಂಬುದು ಚಿಕ್ಕ ಕ್ರಮ. ಮೊದಲು ಮೂತ್ರಕ್ಕೆ ಹೋಗಿ ಬರಬೇಕು. ತುಂಬಿದ ಮೂತ್ರಕೋಶ ಗರ್ಭಕೋಶಕ್ಕೆ ತಾಗಿಕೊಂಡೇ ಇರುತ್ತದೆ, ಅದೇ ಕೆರಳಿಸುತ್ತದೆ. ಎರಡು ದೊಡ್ಡ ಲೋಟ ನೀರನ್ನು ನಿಧಾನವಾಗಿ ಕುಡಿಯಬೇಕು. ಎಡಮಗ್ಗುಲಿಗೆ ಮಲಗಬೇಕು, ಮಲಗಿದ್ದಾಗಲೇ ಬಂದಿದ್ದರೆ ಎದ್ದು ಅಂಗಳದಲ್ಲಿ ನಡೆಯಬೇಕು. ಹದ ಬಿಸಿಯ ನೀರಿನ ಸ್ನಾನವೂ ಒಳ್ಳೆಯದು. ಬಿಗಿಯುತ್ತಿರುವಾಗ ಉಸಿರು ಹಿಡಿಯಬಾರದು. ಮೂಗಿನಿಂದ ಎಳೆದುಕೊಂಡು, ಬಿಸಿ ಹಾಲನ್ನು ಆರಿಸಲು ಊದುತ್ತೇವಲ್ಲ, ಹಾಗೆ ಬಾಯಿಯಿಂದ ಉದ್ದಕ್ಕೆ ಬಿಡಬೇಕು. ಹೆರಿಗೆಯ ದಿನ ಬೇಕಾಗುವುದೂ ಇದೇ ಉಸಿರು. ಹೊಟ್ಟೆ ಅಭ್ಯಾಸ ಮಾಡುವಾಗ ತಾಯಿಯೂ ಅಭ್ಯಾಸ ಮಾಡಿಕೊಳ್ಳಲಿ.

ಅಡಿಕೆ ಸುಲಿಯುವುದನ್ನು ನಿಲ್ಲಿಸು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಹೂಂ ಎಂದು ಹೋಗಿ ಮತ್ತೆ ಅಲ್ಲಿಯೇ ಕೂರುತ್ತಿದ್ದಳು, ನನಗೆ ಮಾತ್ರ ಹೇಳುತ್ತಿರಲಿಲ್ಲ. ಬೆನ್ನಿಗೆ ಆಧಾರವಿರುವ ಕಡೆ ಕುಳಿತುಕೋ, ಕತ್ತಿ ಬಿಡು, ಸುಲಿದದ್ದನ್ನು ಆರಿಸಿ ಕೊಡು, ಗಂಟೆಗೊಮ್ಮೆ ಎದ್ದು ಹಿತ್ತಿಲಿಗೆ ಹೋಗು, ಪಕ್ಕದಲ್ಲಿ ನೀರಿನ ಚೆಂಬು ಇರಲಿ ಎಂದೆ. ಒಪ್ಪಿದಳು.

ಕಾಯಬಾರದ ಸಂಗತಿಗಳನ್ನು ಮಾತ್ರ ಎರಡೆರಡು ಸಲ ಹೇಳಿಸಿದೆ, ಆಶಾ ಕಾರ್ಯಕರ್ತೆಯ ಮುಂದೆ. 37 ವಾರ ತುಂಬುವವರೆಗೆ, ಅಂದರೆ ಡಿಸೆಂಬರ್ 14ರವರೆಗೆ, ನೀರು ಕುಡಿದು ಮಲಗಿದ ಮೇಲೂ ಬಿಗಿತ ಮತ್ತೆ ಮತ್ತೆ ಬರುತ್ತಿದ್ದರೆ ಲೆಕ್ಕ ಹಾಕುತ್ತಾ ಕೂರುವಂತಿಲ್ಲ, ಹೊರಡಬೇಕು. ಎಷ್ಟೇ ವಾರವಾಗಿರಲಿ, ನೀರು ಹೋದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆಯಾದಂತೆ ಅನ್ನಿಸಿದರೆ, ಜ್ವರ ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಕೂಡಲೆ ಹೊರಡಬೇಕು. ಹೊಟ್ಟೆ ಬಿಗಿದು ಸಡಿಲವಾಗದೆ ಹಲಗೆಯ ಹಾಗೆ ಗಟ್ಟಿಯಾಗಿಯೇ ಉಳಿದರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ; ಮಾಸು (ಪ್ಲಾಸೆಂಟಾ) ಗರ್ಭಕೋಶದಿಂದ ಬಿಡಿಸಿಕೊಳ್ಳುತ್ತಿರಬಹುದು, ರಕ್ತ ಹೊರಗೆ ಕಾಣಿಸದೆಯೂ ಇರಬಹುದು. ಸಡಿಲವಾಗುವುದು ಅಭ್ಯಾಸದ ಬಿಗಿತದ ಮುಖ್ಯ ಗುರುತು.

ಇನ್ನೊಂದು ಮಾತು ದೂರದ್ದು. ಚೊಚ್ಚಲು ಹೆರಿಗೆಗೆ ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷದಷ್ಟು ಉದ್ದ, ಒಂದು ಗಂಟೆಯವರೆಗೆ ಬಂದ ಮೇಲೆ ಆಸ್ಪತ್ರೆಗೆ ಹೊರಡಬಹುದು ಎಂಬ ಸೂತ್ರವನ್ನು ಎಲ್ಲೆಲ್ಲೂ ಹೇಳುತ್ತಾರೆ. ಅದು ಆಸ್ಪತ್ರೆಯ ಹತ್ತಿರ ಇರುವವರ ಸೂತ್ರ. 27 ಕಿಲೋಮೀಟರ್ ದೂರದ, ಜೀಪು ಹುಡುಕಿ ಕರೆಸಬೇಕಾದ ಮನೆಗೆ ಅದನ್ನು ಹಾಗೆಯೇ ಹೇಳುವುದು ಅನ್ಯಾಯ. ಆಕೆಗೆ ನಾನು ಹೇಳಿದ್ದು: ಎಂಟು ಹತ್ತು ನಿಮಿಷಕ್ಕೊಮ್ಮೆ ಒಂದು ಗಂಟೆ ಕಾಲ ತಪ್ಪದೆ ಬಂದರೆ, ನೀರು ಕುಡಿದು ಮಗ್ಗುಲು ಬದಲಿಸಿದರೂ ನಿಲ್ಲದಿದ್ದರೆ, ಹೊರಟುಬಿಡು. ಗುಡ್ಡದ ಮೇಲೆ ಸಿಗ್ನಲ್ ಸಿಕ್ಕರೆ 108ಕ್ಕೆ ಕರೆ ಮಾಡಿಸು, ಅದು ಬರುವುದು ತಡವಾಗುವಂತಿದ್ದರೆ ಜೀಪು. ಜೀಪಿನವನಿಗೆ ಈಗಲೇ ಹೇಳಿಟ್ಟಿರು. ಬಂದು ಮತ್ತೆ ಅಭ್ಯಾಸದ ಬಿಗಿತವೆಂದು ಗೊತ್ತಾದರೆ, ಇಲ್ಲಿ ಮಂಚ ಕೊಡಿಸುವುದು ನನ್ನ ಜವಾಬ್ದಾರಿ.

ಅಜ್ಜಿಯ ಫ್ಲಾಸ್ಕು

ಎರಡನೆಯ ಭೇಟಿಯಲ್ಲಿ ಅಜ್ಜಿ ಹಿಡಿದುಕೊಂಡು ಬಂದಿದ್ದ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಇತ್ತಂತೆ. ನಮ್ಮ ಕಡೆಯ ಹಳೆಯ ಪದ್ಧತಿ ಅದು. ನೋವು ಬಂತೆಂದರೆ ಬಿಸಿ ಜೀರಿಗೆ ಕಷಾಯ ಕುಡಿಸುತ್ತಾರೆ. ನಿಜವಾದ ನೋವಾದರೆ ಏರುತ್ತದೆ, ಅಲ್ಲದಿದ್ದರೆ ಇಳಿದುಹೋಗುತ್ತದೆ ಎನ್ನುತ್ತಾರೆ. ಆಸ್ಪತ್ರೆಯವರು ಇದನ್ನು ಕೇಳಿದರೆ ಗದರಿಸುವುದೇ ಹೆಚ್ಚು, ನಾನೂ ಹಿಂದೆ ಗದರಿಸಿದ್ದೇನೆ. ಈಗ ಹಾಗೆ ಅನ್ನಿಸುವುದಿಲ್ಲ. ಕಷಾಯ ಕಾಯಿಸಲು ಹತ್ತು ನಿಮಿಷ, ಆರಿಸಿ ಕುಡಿಯಲು ಹತ್ತು ನಿಮಿಷ, ಕುಡಿದು ಮಲಗಿ ಕಾಯಲು ಅರ್ಧ ಗಂಟೆ. ಅಷ್ಟು ಹೊತ್ತಿಗೆ ದೇಹಕ್ಕೆ ನೀರು ಹೋಗಿರುತ್ತದೆ, ಬಸುರಿ ಕುಳಿತ ಭಂಗಿ ಬದಲಾಗಿರುತ್ತದೆ, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಗಮನಿಸುತ್ತಿರುತ್ತಾರೆ. ನಾವು ಓಆರ್‌ಎಸ್ ಕೊಟ್ಟು ಎಡಮಗ್ಗುಲಿಗೆ ಮಲಗಿಸಿ ಮಾಡಿದ್ದೂ ಅದನ್ನೇ. ಸೂಲಗಿತ್ತಿಯರ ಕೈಯಲ್ಲಿ ಬೆಳೆದುಬಂದ ಈ ಕ್ರಮದಲ್ಲಿ ಗಮನಿಸುವ ತಾಳ್ಮೆ ಇದೆ, ನನ್ನ 'ಸುಳ್ಳು ನೋವು' ಎಂಬ ಮಾತಿನಲ್ಲಿ ಅದು ಇರಲಿಲ್ಲ.

ಆದರೆ ಅಜ್ಜಿಯ ಕ್ರಮಕ್ಕೆ ಮಿತಿಯಿದೆ. ದಿನ ತುಂಬದ ಬಸುರಿಗೆ, ರಕ್ತ ಅಥವಾ ನೀರು ಹೋಗುತ್ತಿರುವವಳಿಗೆ ಕಷಾಯ ಕುಡಿಸಿ ಕಾಯುವುದು ಅಪಾಯ. ಅಜ್ಜಿಗೆ ಆಶಾ ಕಾರ್ಯಕರ್ತೆಯ ಮೂಲಕ ಹೇಳಿ ಕಳಿಸಿದೆ: ಕಷಾಯ ಕುಡಿಸಿ, ಜೊತೆಗೆ ಗಡಿಯಾರವನ್ನೂ ನೋಡಿ. ಹರಳೆಣ್ಣೆ ಮಾತ್ರ ಬೇಡ. ನೋವು ಬರಿಸಲೆಂದು ಅದನ್ನು ಕುಡಿಸುವ ವಾಡಿಕೆ ಕೆಲವು ಮನೆಗಳಲ್ಲಿ ಇದೆ, ಭೇದಿಯಾಗಿ ದೇಹದ ನೀರೆಲ್ಲ ಹೋಗಿ ಬಸುರಿ ಸೋಲುತ್ತಾಳೆ.

ಪುಸ್ತಕ

ಆಕೆ ಬರೆದಿಟ್ಟದ್ದನ್ನು ನಾನು ನೋಡಿದ್ದು ಕೊನೆಗೆ. ಇಲ್ಲಿ ಕ್ರಮಕ್ಕಾಗಿ ಮೊದಲೇ ಹೇಳುತ್ತೇನೆ. ಡಿಸೆಂಬರ್ 10ರಿಂದ ಒಂದು ನೋಟ್ ಪುಸ್ತಕದ ಹಿಂದಿನ ಪುಟಗಳಲ್ಲಿ ಬಿಗಿತದ ಹೊತ್ತು, ಅವಧಿ, ಪಕ್ಕದಲ್ಲಿ ಮೂ, ಗ, ಹ ಎಂದು ಒಂದೊಂದು ಅಕ್ಷರ ಬರೆದಿದ್ದಳು: ಮೂಗು, ಗದ್ದ, ಹಣೆ. ನಾಲ್ಕೈದು ದಿನಗಳಲ್ಲೇ ಆಕೆಗೆ ಒಂದು ಸಂಗತಿ ಕಂಡಿತ್ತು. ಬಿಗಿತ ಬರುವುದು ಸಂಜೆ ಏಳರಿಂದ ಹತ್ತರ ನಡುವೆ. ಬೆಳಿಗ್ಗೆ ಒಂದೋ ಎರಡೋ. ಮಗು ಜೋರಾಗಿ ಹೊರಳಿದ ಮೇಲೆ ಒಂದು ಬರುತ್ತದೆ. ಹಿತ್ತಿಲಿಗೆ ಹೋಗಿಬಂದರೆ ಮೂರು ಸಲದಲ್ಲಿ ಎರಡು ಸಲ ನಿಲ್ಲುತ್ತದೆ. 'ನಿಂತಿತು' ಎಂಬ ಪದ ಪುಟದ ತುಂಬ ಇತ್ತು.

ಡಿಸೆಂಬರ್ 18ರ ರಾತ್ರಿಯ ಪುಟವನ್ನು ನಾನು ಹೆಚ್ಚು ಹೊತ್ತು ನೋಡಿದೆ. ಆಗ 37 ವಾರ 4 ದಿನ. ಮದುವೆಯೊಂದಕ್ಕೆ ಬಸ್ಸಿನಲ್ಲಿ ಹೋಗಿಬಂದಿದ್ದರಂತೆ. ರಾತ್ರಿ 11.10, 11.18, 11.40, 11.46, 12.15. ಎರಡರ ಮುಂದೆ 'ಹ' ಎಂದಿತ್ತು, ಅಂದರೆ ಹಣೆಯಷ್ಟು ಗಟ್ಟಿ. ಹಿಂದಿನ ಎರಡು ಸಲಕ್ಕಿಂತ ಇದು ಬಲವಾಗಿತ್ತು. ತಾಯಿ ಜೀಪಿಗೆ ಹೇಳೋಣವೇ ಎಂದು ಎದ್ದು ಕುಳಿತಿದ್ದರು. ಅಜ್ಜಿ ಒಲೆ ಹೊತ್ತಿಸಿದರು. ಆಕೆ ಗಡಿಯಾರ ನೋಡುತ್ತಾ, ಹಾಲು ಊದುವ ಉಸಿರು ಬಿಡುತ್ತಾ, ತಾಯಿಗೆ ಹೇಳಿದಳಂತೆ: "ಎಂಟು ನಿಮಿಷ, ಇಪ್ಪತ್ತೆರಡು ನಿಮಿಷ, ಆರು ನಿಮಿಷ, ಇಪ್ಪತ್ತೊಂಬತ್ತು ನಿಮಿಷ. ಇದಕ್ಕೆ ಲಯವಿಲ್ಲ ಅಮ್ಮ. ಮಗು ಆಡುತ್ತಿದೆ. ಒಂದು ಗಂಟೆಯವರೆಗೆ ನೋಡೋಣ." ಒಂದೂವರೆಗೆ ಕೊನೆಯದು ಬಂತು, ಆಮೇಲೆ ಮೂವರೂ ಮಲಗಿದರು. ಪುಟದ ಕೊನೆಯಲ್ಲಿ 'ಕಷಾಯ ಕುಡಿದೆ, ನಿಂತಿತು' ಎಂದಿತ್ತು.

ಹಿಂದೆ ಜೀಪು ಹತ್ತಿಸಿದ ಬಿಗಿತಕ್ಕಿಂತ ಬಲವಾದದ್ದನ್ನು ಆಕೆ ಮನೆಯಲ್ಲೇ ನಿಭಾಯಿಸಿದಳು. ಧೈರ್ಯ ಹೇಳಿದ್ದರಿಂದ ಆದದ್ದಲ್ಲ ಇದು. 'ಹೆದರಬೇಡ' ಎಂದು ಆಕೆಗೆ ಹಿಂದೆಯೂ ಹತ್ತು ಜನ ಹೇಳಿದ್ದರು. ಹೆದರದೆ ಇರಲು ನೋಡಬೇಕಾದದ್ದು ಏನು ಎಂದು ಯಾರೂ ಹೇಳಿರಲಿಲ್ಲ.

ಡಿಸೆಂಬರ್ 30

39 ವಾರ 2 ದಿನ. ಮಧ್ಯಾಹ್ನದಿಂದ ಸೊಂಟ ಹಿಡಿದಂತಿತ್ತು, ಸಂಜೆ ಲೋಳೆಯಲ್ಲಿ ಸ್ವಲ್ಪ ರಕ್ತದ ಎಳೆ ಕಂಡಿತು. ಗರ್ಭಕೋಶದ ಬಾಯಿ ಸಡಿಲಗೊಳ್ಳುವಾಗ ಹೀಗಾಗುವುದುಂಟು ಎಂದು ಆಕೆಗೆ ಹೇಳಿದ್ದೆ. ಪುಸ್ತಕದಲ್ಲಿ ರಾತ್ರಿ 9.05, 9.16, 9.26, 9.35, 9.44, 9.52, 10.00. ಹನ್ನೊಂದು ನಿಮಿಷ, ಹತ್ತು, ಒಂಬತ್ತು, ಒಂಬತ್ತು, ಎಂಟು, ಎಂಟು. ನಡುವೆ ಮೂತ್ರಕ್ಕೆ ಹೋಗಿದ್ದಳು, ನೀರು ಕುಡಿದಿದ್ದಳು, ಅಜ್ಜಿಯ ಕಷಾಯವೂ ಆಗಿತ್ತು. 9.44ರ ಮುಂದೆ 'ಹ', ಅಲ್ಲಿಂದ ಮುಂದೆ ಎಲ್ಲವೂ 'ಹ'. ಕೊನೆಯ ಸಾಲು: 'ನಿಂತಿಲ್ಲ. ಹೊರಟೆವು.'

ಜೀಪಿನವನಿಗೆ ಮೊದಲೇ ಹೇಳಿಟ್ಟಿದ್ದರಿಂದ ಹೆಚ್ಚು ಹೊತ್ತು ಹಿಡಿಯಲಿಲ್ಲ. 11.50ಕ್ಕೆ ವಾರ್ಡಿಗೆ ಬಂದಳು. ಪರೀಕ್ಷಿಸಿದಾಗ ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದಿತ್ತು, ಹತ್ತು ನಿಮಿಷದಲ್ಲಿ ಮೂರು ಸಲ ನೋವು ಬರುತ್ತಿತ್ತು. ಮಗುವಿನ ಎದೆಬಡಿತ 138. ಬಹಳ ಬೇಗವೂ ಅಲ್ಲ, ತಡವೂ ಅಲ್ಲ. ದಾಖಲು ಮಾಡಿಕೊಳ್ಳುವಾಗ ನಾನು ಕೇಳದೆಯೇ ಆಕೆ ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ನೋವು ಎಷ್ಟು ಹೊತ್ತಿಗೆ ಶುರುವಾಯಿತು ಎಂಬ ಪ್ರಶ್ನೆಗೆ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯಂತ ಖಚಿತವಾದ ಉತ್ತರ ಅದು.

ಹೆರಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋವು ನೋವೇ. ಆಕೆ ಅತ್ತಳು, ತಾಯಿಯ ಕೈ ಹಿಡಿದು ಕೂಗಿದಳು. ಆದರೆ ಪ್ರತಿ ನೋವು ಬಂದಾಗಲೂ ಉಸಿರು ಹಿಡಿಯಲಿಲ್ಲ. ಹಾಲು ಊದುವ ಉಸಿರು ತಾನಾಗಿ ಬರುತ್ತಿತ್ತು, ಮೂರು ವಾರ ದಿನವೂ ಮಾಡಿದ್ದಳಲ್ಲ. ಬೆಳಿಗ್ಗೆ 6.40ಕ್ಕೆ ಸಹಜ ಹೆರಿಗೆ, ಹೆಣ್ಣು ಮಗು, 2 ಕಿಲೋ 850 ಗ್ರಾಂ. ಮಗು ಕೂಡಲೆ ಅತ್ತಿತು. ಅರ್ಧ ಗಂಟೆಯೊಳಗೆ ಎದೆಗೆ ಹಾಕಿದೆವು. ಅಜ್ಜಿ ಫ್ಲಾಸ್ಕು ತೆರೆದು ನನಗೂ ಒಂದು ಲೋಟ ಕಷಾಯ ಕೊಟ್ಟರು.

ಆ ಡಿಸೆಂಬರಿನಿಂದ ನಮ್ಮ ವಾರ್ಡಿನ ವಹಿಯಲ್ಲಿ ನಾನು 'ಸುಳ್ಳು ನೋವು' ಎಂದು ಬರೆಯುವುದಿಲ್ಲ. 'ಹೊಟ್ಟೆ ಬಿಗಿತ, ಗರ್ಭಕೋಶದ ಬಾಯಿ ಮುಚ್ಚಿದೆ, ಎಣಿಸುವುದನ್ನು ಹೇಳಿಕೊಡಲಾಗಿದೆ, ಮತ್ತೆ ಬರಲು ತಿಳಿಸಲಾಗಿದೆ' ಎಂದು ಬರೆಯುತ್ತೇನೆ. ಮಾತು ಉದ್ದವಾಯಿತು ಎಂದು ಜೊತೆಯವರು ಹೇಳಿದರು. ಎಣಿಸುವುದನ್ನು ಹೇಳಿಕೊಡದೆ ಆ ಸಾಲನ್ನು ಬರೆಯಲು ಕೈ ಬರುವುದಿಲ್ಲ, ಅದಕ್ಕಾಗಿಯೇ ಉದ್ದವಾಗಿದೆ.

ಮನೆಗೆ ಹೊರಡುವ ದಿನ, ಬೇರೆ ಬಸುರಿಯರಿಗೆ ತೋರಿಸಲು ಆ ಪುಸ್ತಕವನ್ನು ಇಲ್ಲಿ ಬಿಟ್ಟುಹೋಗುತ್ತೀಯಾ ಎಂದು ಕೇಳಿದೆ. ಆಕೆ ತಾಯಿಯ ಮುಖ ನೋಡಿದಳು. "ಆಗುವುದಿಲ್ಲ ಸಿಸ್ಟರ್" ಎಂದು ತಾಯಿಯೇ ಹೇಳಿದರು. ಪುಸ್ತಕವನ್ನು ಮುಂದಿನಿಂದ ತೆರೆದು ತೋರಿಸಿದರು. ಅಕ್ಟೋಬರಿನಿಂದ ಸುಲಿದ ಅಡಿಕೆಯ ಲೆಕ್ಕ ಅಲ್ಲಿತ್ತು, ದಿನಕ್ಕೆ ಎಷ್ಟು ಡಬ್ಬ ಎಂದು. ಕೂಲಿ ಇನ್ನೂ ಬರಬೇಕಿತ್ತು, ಧಣಿಗಳ ಮನೆಯಲ್ಲಿ ಅದನ್ನು ತೋರಿಸಬೇಕಿತ್ತು. ಹಾಗಾಗಿ ಹಿಂದಿನ ಪುಟಗಳನ್ನು ಮಾತ್ರ, ಆಕೆಯ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತು, ನಾನೇ ನಕಲು ಮಾಡಿಕೊಂಡೆ.